ಗಡಿಯ ಮಾತು ಈಗಲೇ ಬೇಡ

ನೆನೆಸಿದ ಅವರೆಕಾಳನ್ನು ರುಮಾನಾ ಒಂದೊಂದಾಗಿ ಹಿತುಕುತ್ತಿದ್ದಳು. ಬೆರಳ ನಡುವೆ ಒತ್ತಿದರೆ ಬೇಳೆ ಬಟ್ಟಲಿಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಓರಗಿತ್ತಿ ಪರ್ವೀನಳ ಮಗಳು ಲೈಬಾ ಮತ್ತು ಅವಳ ಗೆಳತಿ ಶಿವಾನಿ ಅರಬ್ ನಾಡಿನ ನಕಾಶೆ ಹರಡಿಕೊಂಡು ಕೂತಿದ್ದರು. ಮೊದಲ ಮಹಾಯುದ್ಧದ ಕಾಲದ ಸಂಧಾನವನ್ನು ನಾಳೆ ಹೈಸ್ಕೂಲಿನಲ್ಲಿ ಆಡಿ ತೋರಿಸಬೇಕಿತ್ತು. ಲೈಬಾ ಬ್ರಿಟನ್, ಶಿವಾನಿ ಫ್ರಾನ್ಸ್. ಅರಬರ ದೊರೆ, ಮೆಕ್ಕಾದ ಶರೀಫನಾಗಬೇಕಿದ್ದ ಹುಡುಗಿಗೆ ಜ್ವರ.

"ಚಾಚಿ, ಪ್ಲೀಸ್, ನೀವು ಶರೀಫ್ ಆಗಿ. ಪ್ರಾಕ್ಟೀಸಿಗೆ ಅಷ್ಟೆ."

"ಅಯ್ಯೋ, ನಾನು ಎಸ್ಸೆಸ್ಸೆಲ್ಸಿನೂ ಮುಗಿಸಿಲ್ಲ ಕಣೆ."

"ಶರೀಫೂ ಮುಗಿಸಿರ್ಲಿಲ್ಲ ಆಂಟಿ," ಎಂದಳು ಶಿವಾನಿ.

ಒಲೆಯ ಮುಂದೆ ನಿಂತಿದ್ದ ಪರ್ವೀನ್ ನಕ್ಕಳು. "ನನ್ನ ಮಗಳು ಬ್ರಿಟಿಷ್ ಸರ್ಕಾರ ಅಂತೆ! ಚನ್ನಪಟ್ಟಣದಲ್ಲಿ ಇವಳ ತಾತ ಕೇಳಿಸ್ಕೊಂಡ್ರೆ ಬೆತ್ತ ಹುಡುಕ್ತಾರೆ."

ರುಮಾನಾ ಕೈ ಒರೆಸಿಕೊಂಡಳು. ಲೈಬಾ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ನೀವು ಟರ್ಕಿ ಮೇಲೆ ತಿರುಗಿ ಬಿದ್ರೆ, ಅರಬರ ಲ್ಯಾಂಡು ಅರಬರಿಗೆ. ಪ್ರಾಮಿಸ್. ಈಗ ನೀವು ಬೌಂಡರಿ ಕೇಳ್ಬೇಕು."

"ಗಡಿ ಎಲ್ಲಿಂದ ಎಲ್ಲಿಗೆ?"

"ಈಗ ವಾರ್ ನಡೀತಿದೆ. ಆ ಮಾತು ಈಗ್ಲೇ ಬೇಡ."

ಅಷ್ಟರಲ್ಲಿ ಶಿವಾನಿ ಸಿರಿಯಾಕ್ಕೆ ನೀಲಿ ಬಣ್ಣ ಹಚ್ಚತೊಡಗಿದ್ದಳು.

"ಅದು ನನಗೆ ಅಂದ್ರಲ್ಲ?"

"ನೀವು ನೋಡ್ಬಾರ್ದು ಆಂಟಿ. ಬ್ರಿಟನ್ನಿಗೂ ನಂಗೂ ಸೀಕ್ರೆಟ್ ಇದು."

"ಮತ್ತೆ ಶರೀಫ ಏನು ಮಾಡಿದ?"

"ಫೈಟ್ ಮಾಡಿದ," ಎಂದಳು ಲೈಬಾ. "ನಂಬಿದ್ನಲ್ಲ."

ಪರ್ವೀನಳಿಗೆ ಫೋನು ಬಂತು. ಮೈಸೂರಿನಿಂದ ಅವಳ ತಾಯಿ. "ಹೂಂ ಅಮ್ಮಿ, ಗರಾಜನ್ನೇ ರೂಮು ಮಾಡಿಸ್ತಿದ್ದೀವಿ. ಬಾತ್‌ರೂಮೂ ಅಲ್ಲೇ. ಅದು ನಿಮ್ಮದೇ, ಮಾರ್ಚಿಗೆ ಬಂದ್ಬಿಡಿ. ಇವರಿಗೆ ನಾನು ಹೇಳ್ತೀನಿ ಬಿಡಿ."

ರುಮಾನಾ ಬಟ್ಟಲಿನತ್ತ ತಿರುಗಿದಳು, ಕಾಳು ಎತ್ತಿಕೊಳ್ಳಲಿಲ್ಲ. ಅದೇ ಗರಾಜನ್ನು ಪರ್ವೀನಳ ಗಂಡ ಖಾದರ್ ಬಕ್ರೀದಿನ ದಿನ ತನ್ನ ತಮ್ಮ, ರುಮಾನಾಳ ಗಂಡ ಶಾರೀಕನಿಗೆ ಕೊಡುತ್ತೇನೆಂದಿದ್ದ. ಮದುವೆಯಾಗಿ ಅಮೆರಿಕದ ಫ್ರೀಮಾಂಟಿಗೆ ಬಂದಾಗಿನಿಂದ ರುಮಾನಾ, ಶಾರೀಕ್ ಇಬ್ಬರೂ ಈ ಹಾಲಿನಲ್ಲೇ ಪರದೆ ಎಳೆದುಕೊಂಡು ಮಲಗುತ್ತಿದ್ದರು. ಏಪ್ರಿಲಿಗೆ ಹೆರಿಗೆ. ರೂಮು ಯಾವಾಗ ಎಂದು ಅವಳು ಕೇಳಿದರೆ ಶಾರೀಕ್, "ಅಣ್ಣ ಅಂದಿದ್ದಾನಲ್ಲ, ಮತ್ತೆ ಮತ್ತೆ ಕೇಳಿದ್ರೆ ಚೆನ್ನಾಗಿರಲ್ಲ," ಎನ್ನುತ್ತಿದ್ದ. ಅವಳೇ ಕೇಳುವಂತಿರಲಿಲ್ಲ. ಗಂಡನ ಅಣ್ಣನ ಜೊತೆ ಕಿರಿಯ ಸೊಸೆ ನೇರವಾಗಿ ಮಾತಾಡುವುದು ಆ ಮನೆಯಲ್ಲಿ ರೂಢಿಯಿಲ್ಲ. ಸಲಾಂ ಒಂದನ್ನು ಬಿಟ್ಟರೆ ಎಲ್ಲ ಮಾತೂ ಗಂಡನ ಮೂಲಕ, ಇಲ್ಲವೇ ಲೈಬಾಳ ಮೂಲಕ. ಖಾದರ್ ಎದುರಾದರೆ ಅವಳು ದುಪಟ್ಟಾ ಎಳೆದುಕೊಂಡು ಗೋಡೆಯ ಪಕ್ಕಕ್ಕೆ ಸರಿಯುತ್ತಿದ್ದಳು.

ಬಾಗಿಲು ತೆರೆಯಿತು. ಅಣ್ಣ ತಮ್ಮ ಇಬ್ಬರೂ ಸ್ಯಾನ್ ರಮೋನಿನ ಆಫೀಸಿನಿಂದ ಒಂದೇ ಕಾರಿನಲ್ಲಿ ಬಂದಿದ್ದರು.

"ಫ್ರೀವೇಲಿ ಕಾರೇ ಕದಲ್ತಿರ್ಲಿಲ್ಲ ಇವತ್ತು," ಎನ್ನುತ್ತ ಖಾದರ್ ಶೂ ಬಿಚ್ಚಲು ಬಗ್ಗಿದ. "ಲೈಬಾ, ಇನ್ನೂ ಹಿತುಕ್ತಾನೇ ಇದ್ದಾರಾ ನಿಮ್ಮ ಚಾಚಿ? ಹಸಿವು ಅಂತ ಹೇಳು."

ಲೈಬಾ ಹೇಳುವಷ್ಟರಲ್ಲಿ ರುಮಾನಾ ಎದ್ದು ನಿಂತಿದ್ದಳು.

"ಭಾಯಿಜಾನ್."

ಶಾರೀಕ್ ಬೇಡವೆಂಬಂತೆ ಕೈ ಅಲ್ಲಾಡಿಸಿದ. ಅವಳು ಅವನನ್ನು ನೋಡಲಿಲ್ಲ. ದನಿ ಬಾಗಿಲಿನವರೆಗೂ ಕೇಳಿಸಿತು.

"ಗರಾಜಿನ ರೂಮು ನಮಗೋ, ಅಮ್ಮಿಗೋ? ಎಲ್ಲರೂ ಇದ್ದಾರೆ. ಈಗ ಹೇಳಿಬಿಡಿ."

ಶೂ ಲೇಸು ಹಿಡಿದಿದ್ದ ಖಾದರ್ ಬಗ್ಗಿಕೊಂಡೇ ಪರ್ವೀನಳತ್ತ ನೋಡಿದ. ಅವಳು ಅವನತ್ತ.