ಡ್ರಾಯರಿನಲ್ಲಿದ್ದ ಕಾಗದಗಳು

ಕೈದಿಗಳು ಮನೆಗೆ ಬರೆದ ಕಾಗದಗಳನ್ನು ಓದಿ, ಸರಿಯಿಲ್ಲವೆನಿಸಿದ್ದನ್ನು ಡ್ರಾಯರಿಗೆ ತುರುಕುವುದು ಆ ಜೈಲು ಗುಮಾಸ್ತನ ಕೆಲಸ. ಮನೆಯಲ್ಲಿ ಮಾತ್ರ ಮಹಾಶಯ ದಿನಾ ಬೆಳಿಗ್ಗೆ ಬೈಬಲ್ ತೆರೆದು, "ದಾರಿ ತೋರಿಸಪ್ಪಾ ದೇವರೇ" ಎಂದು ಬೇಡುತ್ತಿದ್ದ. ಅಂದು ಅದರಲ್ಲಿ ಯೇಸುವಿನ ಸಂದೇಶ ಸಾರಿದ ಅಪೊಸ್ತಲನೊಬ್ಬ ಬರೆದ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಹೆಂಡತಿ ಪಾತ್ರೆ ತೊಳೆಯುತ್ತಲೇ ಕೇಳಿದಳು:

"ಅಲ್ರೀ, ಅದನ್ನ ಆತ ಜೈಲಲ್ಲಿ ಕೂತೇ ಬರ್ದಿದ್ದಲ್ವಾ? ಅಲ್ಲೂ ನಿಮ್ಮಂಥೋರು ಇದ್ದಿದ್ರೆ ನಮ್ಮ ಕೈಗೆ ಸಿಗ್ತಿರ್ಲಿಲ್ಲ ಬಿಡಿ."

ಅವನು ಪುಸ್ತಕ ಮುಚ್ಚಿದ. ಇಪ್ಪತ್ತು ವರ್ಷ ಓದಿದ್ದಾನೆ, ಒಂದು ದಿನವೂ ಇದು ಹೊಳೆದಿರಲಿಲ್ಲ! ತಿಂಡಿ ಬಿಟ್ಟು ಕಚೇರಿಗೆ ಓಡಿ ಡ್ರಾಯರ್ ಎಳೆದ. ಮೊದಲು ಸಿಕ್ಕಿದ್ದು ಯಾರೋ ತಾಯಿಗೆ ಬರೆದ ಕಾಗದ. ಅದರ ಕೊನೆಯ ಸಾಲಿಗೆ ತಾನೇ ಕೆಂಪು ಗೀಟು ಎಳೆದಿದ್ದ:

"ಅಮ್ಮಾ, ಇದನ್ನ ನಿನಗಿಂತ ಮೊದಲು ಓದೋ ಇಲ್ಲಿನ ಅಣ್ಣನಿಗೋಸ್ಕರಾನೂ ಪ್ರಾರ್ಥನೆ ಮಾಡು."