ಬಾನೆಟ್ಟಿನ ಮೇಲಿನ ಮಲ್ಲಿಗೆ

ಬಿಳಿ, ಬಿಳಿಯೇ ಇದೆಯಲ್ಲ, ಬಾಗಿಲೂ ಬಿಳಿ, ಬಾನೆಟ್ಟೂ ಬಿಳಿ, ಎಂದು ಮಸ್ತಾನಸಾಬ ಅಂಬಾಸಿಡರಿನ ಸುತ್ತ ಇನ್ನೊಮ್ಮೆ ಬಂದ, ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ — ಹಾಳಾದವು, ಎರಡೂ ಒಂದೇ ಹೇಳುತ್ತಿವೆ, ಕೂಡಿ ಮಾತಾಡಿಕೊಂಡು ಬಂದ ಸುಳ್ಳುಸಾಕ್ಷಿಗಳ ಹಾಗೆ. ಮೀಸೆ ಮೂಡುವ ಮೊದಲಿಂದ ಕೊಟ್ಟೂರಿನ ಈ ಶೆಡ್ಡಿನಲ್ಲಿ ಬಣ್ಣ ಹೊಡೆದವನಿಗೆ ಬಿಳಿ ಯಾವುದೆಂಬ ಅನುಮಾನ, ಯಾರ ಮುಂದೆ ಹೇಳಲಿ, ಹೇಳಿದರೆ ಕಣ್ಣಿಲ್ಲದ ಪೇಂಟರನ ಹತ್ತಿರ ನಾಳೆ ಯಾರು ಬರುತ್ತಾರೆ. ಹಡಗಲಿಯ ಗಾದಿಲಿಂಗಪ್ಪ ಈಗಲೋ ಆಗಲೋ ಬಂದುಬಿಡುತ್ತಾನೆ, ಅವನಪ್ಪ ಮಲ್ಲಿಗೆ ಬುಟ್ಟಿ ಹೇರಿಕೊಂಡು ಓಡಾಡಿದ ಕಾರು, ಸಾಬ್ರೇ, ಬಾನೆಟ್ಟಿನ ಮ್ಯಾಲೆ ಮಲ್ಲಿಗಿ ದಂಡಿ ಇಟ್ರ ಎಲ್ಲೈತಿ ಅಂತ ಹುಡುಕಬೇಕು, ನಮ್ಮಪ್ಪನ ಕಾಲದಾಗ ಹಂಗಿತ್ತು, ನಿಮ್ಮ ಕಣ್ಣಿಗೆ ಬಿಟ್ಟೀನಿ ನೋಡ್ರಿ ಅಂದಿದ್ದ — ಕಣ್ಣಿಗೇ ಬಿಡಬೇಕಿತ್ತೇ, ಪುಣ್ಯಾತ್ಮ. ಬಿಸಿಲು ಕಾಣದ ಹಳೇ ಬಣ್ಣ ಪೆಟ್ರೋಲ್ ಮುಚ್ಚಳದ ಒಳಗೆ ಉಳಿದಿರುತ್ತದೆ, ಅದನ್ನು ನೋಡಿಯೇ ಕಲಸಿದ, ಮಲ್ಲಿಗೆಯ ಬಿಳಿಗೆ ತೊಟ್ಟು ಹಳದಿ ಬೇಕು, ತೊಟ್ಟೇ ಬಿಟ್ಟ, ಬಾಗಿಲು ಮುಗಿದವು, ಟಾಪು ಮುಗಿಯಿತು, ಬಾನೆಟ್ಟಿಗೆ ಬಣ್ಣ ಸಾಲಲಿಲ್ಲ. ಮತ್ತೆ ಕಲಸಿದ, ಒಂದು ತೊಟ್ಟು ಹಳದಿ ಬಿಟ್ಟರೆ ಏನೂ ಬದಲಾಗಲಿಲ್ಲ, ಇನ್ನೊಂದು, ಮತ್ತೊಂದು, ಎಷ್ಟು ಬಿಟ್ಟನೋ ಅವನಿಗೇ ತಿಳಿಯದು, ಮಗಳು ಸೈಮಾ ಊಟದ ಡಬ್ಬಿ ಇಟ್ಟು ಅಲ್ಲೇ ನಿಂತಿದ್ದಳು, ನೋಡವ್ವ, ಇದು ಹೊಂದತೈತೇನು ಎಂದು ಕೇಳಿದ್ದರೆ ಗಂಟೇನು ಹೋಗುತ್ತಿತ್ತು, ಕೇಳದೆ ಬಾನೆಟ್ಟಿಗೆ ಹೊಡೆದೇಬಿಟ್ಟ.

ಅದರ ಹಿಂದಿನ ಶುಕ್ರವಾರವೇ ಅಲ್ಲವೇ ನಮಾಜಿಗೆ ಹೊರಟವನನ್ನು ಹೆಂಡತಿ ಸೈದಾ ಬೀ ತಡೆದದ್ದು, ಟೋಪಿ ಹಳದಿಗಟ್ಟೈತಿ, ತೆಗೀರಿ, ಮದುಮಗನ ಅರಿಶಿಣ ಹತ್ತಿದಂಗ ಕಾಣತೈತಿ ಎಂದು ನಕ್ಕಳು, ಇವನೂ ನಕ್ಕ, ತೆಗೆದು ನೋಡಿದರೆ ಅವನ ಕಣ್ಣಿಗೆ ಟೋಪಿ ಬೆಳ್ಳಗೇ ಇತ್ತು. ಎರಡೂ ಕಣ್ಣಿಗೆ ಪೊರೆ ಬಂದಾವ, ಹಳದಿ ಬಿಳಿ ಫರಕು ತಿಳಿಯಂಗಿಲ್ಲ, ಆಪರೇಷನ್ ಆಗಬೇಕು ಎಂದಿದ್ದರು ಹರಪನಹಳ್ಳಿಯ ಕ್ಯಾಂಪಿನಲ್ಲಿ, ಇದೊಂದು ಕಾರು ಮುಗೀಲಿ ಎಂದು ಇವನೇ ಮುಂದೂಡಿದ್ದ, ಯಾ ಅಲ್ಲಾ, ಶೆಡ್ಡಿನ ನೆರಳಲ್ಲಿ ಏನೋ ನಡೆದೀತು, ಬಿಸಿಲಿಗೆ ತಂದರೆ, ಬಾನೆಟ್ಟಿನ ಮೇಲೆ ದಂಡೆ ಇಟ್ಟರೆ — ಬಂದರು, ಗಾದಿಲಿಂಗಪ್ಪನ ದನಿ, ಹೆಂಡತಿ ಕನಕಮ್ಮನ ಬಳೆ ಸದ್ದು, ಕಾರು ಹೊರಗೆ ಉರುಳುತ್ತಿದೆ, ಚಕ್ರದಡಿ ನಿಂಬೆಹಣ್ಣು ಇಟ್ಟಳು, ಬಾಳೆಎಲೆ ಬಿಚ್ಚಿದಳು, ಘಮ ಬಂತು, ಹೂವಿನ ಘಮಕ್ಕೆ ಹೀಗೆ ಎಂದೂ ಹೆದರಿರಲಿಲ್ಲ ಅವನು, ಬಾನೆಟ್ಟಿನ ಮೇಲೆ ಬಾಗಿದಳು, ಎದ್ದಳು, ಗಂಡನ ಮುಖ ನೋಡಿದಳು. ಹೂವು ಭಾಳ ಎದ್ದು ಕಾಣತಾವಲ್ರಿ ಸಾಬ್ರೇ, ಎಂದಳು ಮೆಲ್ಲಗೆ. ಎಲ್ಲಿ, ಎಲ್ಲಿ ಕಾಣುತ್ತವೆ, ಅವನು ಬಗ್ಗಿದ, ಕಣ್ಣು ಕಿರಿದು ಮಾಡಿದ, ಬಿಸಿಲಲ್ಲಿ ಬಾನೆಟ್ಟು ಬೆಳ್ಳಗೆ ಹೊಳೆಯುತ್ತಿದೆ, ಬರೀ ಬೆಳ್ಳಗೆ, ಕೈ ಚಾಚಿ ತಡಕಿದ, ಬೆರಳಿಗೆ ತಣ್ಣಗೆ ಮೊಗ್ಗು ತಾಗಿತು, ಬಾನೆಟ್ಟಿನ ಮೇಲೆ ದಂಡೆ ಇದೆ, ಬೆರಳಡಿಯಲ್ಲೇ ಇದೆ, ಕಾಣುತ್ತಿಲ್ಲ.