ಜಗಲಿಯ ಮೇಲಿನ ಕ್ಯಾಸೆಟ್

ಕ್ಯಾಸೆಟ್ಟಿನ ಮುಂದಿನ ಮುಚ್ಚಳ ಎತ್ತಿ ನೋಡಿದ ಹಸನಸಾಬ ಹಾಗೇ ಕೂತುಬಿಟ್ಟ. ಕರ್ರಗೆ ಹೊಳೆಯಬೇಕಾದ ರೀಲಿನ ಮೇಲೆ ಬೆಳ್ಳಗಿನ ಪದರು ಕಟ್ಟಿತ್ತು. ಉಗುರಿನಿಂದ ಕೆರೆದರೆ ವಿಭೂತಿಯಂಥ ಪುಡಿ ಉದುರಿತು. ಅಫಜಲಪುರದಲ್ಲಿ ವಿಡಿಯೋ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಇಲಿ ಕಡಿದ ಕ್ಯಾಸೆಟ್ಟು, ಚಹಾ ಚೆಲ್ಲಿದ ಕ್ಯಾಸೆಟ್ಟು ಎಲ್ಲ ಕಂಡಿದ್ದ, ಇಂಥದನ್ನು ಕಂಡಿರಲಿಲ್ಲ.

"ಶಿವಕಾಂತಕ್ಕಾ, ಇದರಾಗ ಈಬತ್ತಿ ಅದ," ಎಂದ.

ಶಿವಕಾಂತಾ ಅತ್ತೆಯ ಕಡೆ ನೋಡಿದಳು. ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷದಿಂದ ಏನೂ ಕಾಣದ ನಿಂಬೆವ್ವ, ಟಿವಿಯ ಮುಂದೆ ಕಂಬಳಿ ಹಾಸಿಕೊಂಡು, ಸೆರಗು ಸರಿಮಾಡಿಕೊಂಡು ಕೂತಿದ್ದಳು.

"ನಾನೇ ಹಚ್ಚೇನಿ," ಎಂದಳು ಮುದುಕಿ, ಹೆಮ್ಮೆಯಿಂದಲೇ. "ದಿನಾ ಪೂಜಿ ಆದ ಮ್ಯಾಲ ಹಚ್ತೇನಿ. ಅದಕ್ಕೊಂದು ಸಣ್ಣ ಬಾಗ್ಲಾ ಅದ. ಅದನ್ನ ತಗದು, ನನ್ನ ಮಗನ ಹಣೀಗಿ ಹಚ್ಚಿದಂಗ ಒಳಗ ಮೂರು ಬಟ್ಟು ಎಳೀತೇನಿ."

ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವಳ ಮಗ, ಶಿವಕಾಂತಾಳ ಗಂಡ, ದೌಲತರಾಯ. ತೊಗರಿಗೆ ಬಿದ್ದ ಕೀಡಿಹುಳುವನ್ನು ವಿಷದ ಎಣ್ಣೆ ಹೊಡೆಯದೆ ಹೇಗೆ ಕಳೆದೆ ಎಂದು ಹದಿನಾಲ್ಕು ತಿಂಗಳ ಹಿಂದೆ ಗುಲಬರ್ಗಾ ಟಿವಿಯ ರೈತರ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಮಾತಾಡಿದ್ದ. ಅದು ಬಂದ ಸಂಜೆ ಚೌಡಾಪುರದ ಅರ್ಧ ಓಣಿ ಇವರ ಪಡಸಾಲೆಯಲ್ಲಿತ್ತು. ಗೆಳೆಯನ ಸಲುವಾಗಿ ಹಸನಸಾಬ ಅಂಗಡಿಯ ಮಷೀನನ್ನೇ ಬಸ್ಸಿನಲ್ಲಿ ತಂದು, ಟಿವಿಗೆ ಜೋಡಿಸಿ ಎಲ್ಲವನ್ನೂ ಹಿಡಿದಿಟ್ಟ. ಮನೆಗೆ ಬಂದವರನ್ನು ಚಹಾ ಇಲ್ಲದೆ ಕಳಿಸಲಾದೀತೆ? ನಲವತ್ತು ಜನಕ್ಕೆ ಶಿವಕಾಂತಾ ಒಬ್ಬಳೇ ಒಲೆಯ ಮುಂದಿದ್ದಳು. ಎಲ್ಲರೂ ಘೊಳ್ಳೆಂದು ನಕ್ಕದ್ದು ಕೇಳಿ ಚಹಾದ ತಾಟು ಹಿಡಿದೇ ಓಡಿಬಂದರೆ, ಪರದೆಯ ಮೇಲೆ ಎಮ್ಮೆಯ ಕಾಲುಬೇನೆಯ ವಿಷಯ ನಡೆದಿತ್ತು. ಊರೆಲ್ಲ ನೋಡಿತು, ಕಟ್ಟಿಕೊಂಡವಳು ನೋಡಲಿಲ್ಲ.

ನಿನ್ನ ಮಾತೂ ಬಂತು ಎಂದು ಓಣಿಯ ಹೆಂಗಸರು ಚುಡಾಯಿಸಿದರು. ಏನು ಹೇಳಿದಿರಿ ಎಂದು ಕೇಳಿದರೆ ದೌಲತರಾಯ, ಎಲ್ಲ ಕ್ಯಾಸೆಟ್ಟಿನಲ್ಲಿದೆ, ಬೇಕಾದಾಗ ನೋಡಿಕೋ ಎಂದು ಮೀಸೆಯೊಳಗೇ ನಕ್ಕ. ಮರುದಿನ ಮಷೀನು ಅಂಗಡಿಗೆ ಹೋಯಿತು. ಮತ್ತೆ ತರಿಸೋಣ ಎನ್ನುವುದರೊಳಗೆ ರಾಶಿ ಬಂತು. ಕಣದಲ್ಲಿ ಅವನಿಗೆ ಹಾವು ಕಡಿಯಿತು. ಜೀಪು ಅಫಜಲಪುರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸತ್ತ ಮನೆಯಲ್ಲಿ ವರ್ಷದೊಳಗೆ ಟಿವಿ ಹಚ್ಚಬಾರದು ಎಂದರು ಹಿರಿಯರು. ಶಿವಕಾಂತಾ ಹಚ್ಚಲಿಲ್ಲ. ಕ್ಯಾಸೆಟ್ಟನ್ನು ದೇವರ ಜಗಲಿಯ ಮೇಲಿಟ್ಟು ದಿನ ಎಣಿಸಿದಳು. ಗೋಡೆಯ ಫೋಟೋದಲ್ಲಿದ್ದವನು ಮದುವೆಯ ದಿನ ಅಂಜಿಕೊಂಡು ನಿಂತ ಹುಡುಗ. ಅವಳಿಗೆ ಬೇಕಾಗಿದ್ದದ್ದು ತನ್ನ ಬಗ್ಗೆ ನಾಲ್ಕು ಜನರೆದುರು ಮಾತಾಡಿದ ಗಂಡನ ಮುಖ. ಒಂದು ಸಲ ಅಷ್ಟು ಕಂಡರೆ ಸಾಕಿತ್ತು. ನಿನ್ನೆಗೆ ವರ್ಷದ ಕಾರ್ಯ ಮುಗಿಯಿತು; ಹೇಳಿ ಕಳಿಸುವ ಮೊದಲೇ ಹಸನಸಾಬ ಇವತ್ತು ಮಷೀನು ಹೊತ್ತು ತಂದಿದ್ದ.

ಅವನು ಹತ್ತಿಯಿಂದ ಒರೆಸಿ ನೋಡಿದ. ವಿಭೂತಿಯ ಜೊತೆ ರೀಲಿನ ಕಪ್ಪೂ ಕಿತ್ತುಕೊಂಡು ಬಂತು. ಒರೆಸುವುದನ್ನು ಬಿಟ್ಟ.

"ನೀರಿನಾಗ ಕಲಸಿ ಹಚ್ಯಾರ, ರೀಲಿನ ಸುತ್ತಿಗಿ ಸುತ್ತು ಅಂಟ್ಯಾವ ಅಕ್ಕಾ. ಒಂದು ಸಾರಿ ಓಡಬಹುದು. ಎರಡನೇ ಸಾರಿಗಿ ಉಳ್ಯಾಂಗಿಲ್ಲ."

ಶಿವಕಾಂತಾಳಿಗೆ ಅತ್ತೆಯ ಮೇಲೆ ಇಷ್ಟು ಸಿಟ್ಟು ಹನ್ನೊಂದು ವರ್ಷದ ಸಂಸಾರದಲ್ಲಿ ಎಂದೂ ಬಂದಿರಲಿಲ್ಲ. ಕಣ್ಣಿಲ್ಲದ ಮುದುಕಿಯ ಕೈಗೆ ಸಿಗುವಂತೆ ಇಟ್ಟವಳು ತಾನೇ ಅಲ್ಲವೇ ಎಂದೂ ಅನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಹಾಕಪ್ಪ ಎಂದಳು.

ಪರದೆಯ ತುಂಬ ಬೂದು ಚುಕ್ಕೆಗಳು ಕುದಿದವು. ಹಸನಸಾಬ ಯಾವ ಗುಂಡಿ ತಿರುಗಿಸಿದರೂ ಚಿತ್ರ ಮೂಡಲಿಲ್ಲ. ಆಮೇಲೆ ಆ ಚುಕ್ಕೆಗಳ ಒಳಗಿನಿಂದ ದೌಲತರಾಯನ ದನಿ ಬಂತು. ಸ್ವಲ್ಪ ಜಗ್ಗಿದಂತಿತ್ತು, ಆದರೆ ಅವನದೇ. ನಿಂಬೆವ್ವನ ಕೈಗಳೆರಡೂ ಬಾಯಿಗೆ ಹೋದವು.

ಗಿಡದ ಬುಡಕ್ಕೆ ಬಟ್ಟೆ ಹಾಸಿ, ಗಿಡ ಅಲುಗಾಡಿಸಿ ಕೀಡಿ ಉದುರಿಸಿದ್ದನ್ನು ಅವನು ಹೇಳುತ್ತಿದ್ದ. ಇದನ್ನು ಯಾರು ಕಲಿಸಿದರು ಎಂದು ಟಿವಿಯವರು ಕೇಳಿದರು.

"ನಮ್ಮ ಮನ್ಯಾಗಿನವ್ರು ಹೇಳ್ಯಾರ್ರಿ. ತಮ್ಮ ಸೀರೀನೇ ತಂದು ಹಾಸಿದ್ರು. ಹೊಲಾ ನಂದು ಖರೆ, ಶಾಣ್ಯಾತನ ಅವರದು."

ಶಿವಕಾಂತಾ ಚುಕ್ಕೆಗಳನ್ನೇ ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದರೂ ಕಾಣಲಿಲ್ಲ.

"ಹಿಂಗಂದಾಗ ಮಾರಿ ಹ್ಯಾಂಗಿತ್ತು ಬೇ ಅವಂದು?" ಎಂದು ನಿಂಬೆವ್ವ ಕೇಳಿದಳು.

ಹಸನಸಾಬ ತಲೆ ತಗ್ಗಿಸಿದ. ಶಿವಕಾಂತಾ ವರ್ಷವಿಡೀ ಕಾದದ್ದೂ ಆ ಮುಖವನ್ನೇ.

"ನಾಚಿಕೊಂಡ್ರರಿ ಅತ್ತಿ," ಎಂದಳು. "ನೆಲಾ ನೋಡಿ ನಕ್ಕರು."

"ನಾ ಹಚ್ಚಿದ್ದು ಹಣಿ ಮ್ಯಾಲ ಕಾಣ್ತದೇನು?"

"ಕಾಣ್ತದ್ರಿ. ಮೂರೂ ಬಟ್ಟು ಕಾಣ್ತಾವ."

ದನಿ ದಪ್ಪಗಾಗಿ, ನಿಧಾನವಾಗಿ, ನಿಂತೇಹೋಯಿತು. ಮಷೀನಿನ ಒಳಗೆ ಏನೋ ಹರಿದ ಸದ್ದಾಯಿತು. ಹಸನಸಾಬ ಕೈ ಹಾಕಲು ಹೋದವನು ಅವಳ ಮುಖ ನೋಡಿ ಹಿಂದೆ ಸರಿದ. ಮುಗಿಯಿತೇ ಎಂದು ಮುದುಕಿ ಕೇಳಿದಳು.

"ಇಲ್ರಿ, ಸುಮ್ಮನ ಕೂತಾರ," ಎಂದಳು ಶಿವಕಾಂತಾ.

ನಿಂಬೆವ್ವ ಕೂತಲ್ಲಿಂದಲೇ ಮುಂದೆ ಸರಿದು ಕೈ ಚಾಚಿದಳು. ಶಿವಕಾಂತಾ ಆ ಕೈ ಹಿಡಿದು ಗಾಜಿನ ನಡುವೆ ಇಟ್ಟಳು. ಗಾಜು ಬೆಚ್ಚಗಿತ್ತು. ಮುದುಕಿಯ ಬೆರಳುಗಳು ಯಾರೂ ತೋರಿಸದೆ ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ, ಅಲ್ಲಿಂದ ಗದ್ದಕ್ಕೆ ಮೆಲ್ಲಗೆ ಇಳಿದವು. ಶಿವಕಾಂತಾ ಅವು ಹೋದಲ್ಲೆಲ್ಲ ಕಣ್ಣಿಟ್ಟು ನೋಡುತ್ತ ಕೂತಳು.